ಎರಡು ಸೀಟಿನ ಹಳೆಯ ಕಾರಿಗೆ ಇನ್ನೆರಡು ಸೀಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ತಾತ 1950ರ ದಶಕದಲ್ಲಿ ಕೊಂಡಿದ್ದ ಎಂಜಿ ಟಿಡಿ ಎಂಬ ಎರಡು ಸೀಟಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು ನಮ್ಮ ಕಾಫಿ ತೋಟದ ಶೆಡ್ಡಿನಲ್ಲಿ ಬಹಳ ವರ್ಷಗಳಿಂದ ನಿಂತಲ್ಲೇ ನಿಂತಿತ್ತು. ಈಗ ಅದನ್ನು ರಿಪೇರಿ ಮಾಡಿಸಲು ಕೈಹಾಕಿದ್ದೇವೆ. ಎಂಜಿನ್ ತಿರುಗುತ್ತಿದೆ, ಚಾಸಿಗೆ (ಬಾಡಿಯನ್ನು ಹೊರುವ ತಳದ ಉಕ್ಕಿನ ಚೌಕಟ್ಟಿಗೆ) ಹೆಚ್ಚು ತುಕ್ಕು ಹಿಡಿದಿಲ್ಲ, ಆದರೆ ಬಾಡಿಯ ಒಳಗಿರುವ ಮರದ ಚೌಕಟ್ಟನ್ನು ಗೆದ್ದಲು ತಿಂದುಹಾಕಿದೆ. ಹೇಗಿದ್ದರೂ ಮರದ ಕೆಲಸವನ್ನೆಲ್ಲ ಹೊಸದಾಗಿ ಮಾಡಿಸಲೇಬೇಕು. ಅದರ ಜೊತೆಗೇ ಹಿಂದೆ ಇನ್ನೆರಡು ಸೀಟು ಹಿಡಿಯುವಂತೆ ಬಾಡಿಯನ್ನು ಮಾಡಿಸಿಬಿಟ್ಟರೆ ಮನೆಮಂದಿಯೆಲ್ಲ ಒಟ್ಟಿಗೆ ಓಡಾಡಬಹುದು ಎಂಬುದು ನಮ್ಮವರ ಅಭಿಪ್ರಾಯ. ನಾಲ್ಕು ಸೀಟಿನ ಕಾರಿನ ಚಾಸಿಯನ್ನು ಕತ್ತರಿಸಿಯೇ ಕಂಪನಿ ಟಿಡಿಯನ್ನು ಮಾಡಿತ್ತೆಂದು ಕೇಳಿದ್ದೇವೆ. ಹಾಗಿದ್ದರೆ ಕತ್ತರಿಸಿದಷ್ಟನ್ನು ನಾವು ಮತ್ತೆ ಸೇರಿಸಿದರೆ ತಪ್ಪೇನು?
(ಓದುಗರು, ಚಿಕ್ಕಮಗಳೂರು ಜಿಲ್ಲೆ)

ಉತ್ತರ: ನೀವು ಕೇಳಿರುವುದು ಬಹುಮಟ್ಟಿಗೆ ನಿಜ. ಎರಡನೇ ಮಹಾಯುದ್ಧದ ನಂತರ ಎಂಜಿ ಕಂಪನಿ ಇಂಗ್ಲೆಂಡಿನ ಆ್ಯಬಿಂಗ್‌ಡನ್ ಕಾರ್ಖಾನೆಯಲ್ಲಿ ವೈ ಟೈಪ್ ಎಂಬ ನಾಲ್ಕು ಜನರ ಸಲೂನ್ (ಮುಚ್ಚಿದ ಚಾವಣಿಯ) ಕಾರನ್ನು ತಯಾರಿಸುತ್ತಿತ್ತು. ಅದರ ವೀಲ್‌ಬೇಸ್, ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗಿರುವ ದೂರ, 99 ಇಂಚು. 1949ರಲ್ಲಿ ಹೊಸ ಸ್ಪೋರ್ಟ್ಸ್ ಕಾರೊಂದನ್ನು ತುರ್ತಾಗಿ ರೂಪಿಸಬೇಕಾಗಿ ಬಂದಾಗ ಈ ಚಾಸಿಯಿಂದ ಐದು ಇಂಚು ತೆಗೆದು, ಅದರ ಮೇಲೆ ಹಿಂದಿನ ಟಿಸಿ ಕಾರಿನ ಬಾಡಿಯನ್ನು ಕೂರಿಸಿ ಮೊದಲ ಮಾದರಿಯನ್ನು ಸಿದ್ಧಪಡಿಸಿದರು. ಟಿಡಿಯ ಮುಂದಿನ ಚಕ್ರಗಳು ಒಂದನ್ನೊಂದು ಅವಲಂಬಿಸದೆ ಮೇಲೆ ಕೆಳಗೆ ಆಡುವ ಏರ್ಪಾಡು ಬಂದದ್ದೂ, ಸ್ಟೀರಿಂಗ್‌ಗೆ ರ್‍ಯಾಕ್ ಮತ್ತು ಪಿನಿಯನ್ ಬಂದದ್ದೂ ವೈ ಟೈಪಿನ ಕಡೆಯಿಂದಲೇ. ಆದರೆ ಮಾರಾಟಕ್ಕೆ ತಯಾರಾದ ಟಿಡಿಗಳ ಚಾಸಿ ಕತ್ತರಿಸಿದ ವೈ ಚಾಸಿಯಲ್ಲ. ವೈ ಟೈಪಿನಲ್ಲಿ ಚಾಸಿಯ ಉದ್ದನೆಯ ತೊಲೆಗಳು ಹಿಂದಿನ ಎರಡು ಚಕ್ರಗಳನ್ನು ಕೂಡಿಸುವ ಆ್ಯಕ್ಸಲ್‌ನ ಕೆಳಗೆ ಹಾದುಹೋಗುತ್ತವೆ. ಟಿಡಿಯಲ್ಲಿ ಅವು ಮೇಲಕ್ಕೆ ಬಾಗಿ ಆ್ಯಕ್ಸಲ್ ಅನ್ನು ದಾಟುತ್ತವೆ. ಐದು ಇಂಚು ಸೇರಿಸಿದ ಮಾತ್ರಕ್ಕೆ ನಿಮ್ಮ ಕಾರು ತನ್ನ ಪೂರ್ವಜನಾಗುವುದಿಲ್ಲ.

ಅದಿರಲಿ, ನಿಮ್ಮ ಮನೆಯವರ ಬಯಕೆಗೆ ಕಂಪನಿ ಆ ಕಾಲದಲ್ಲೇ ಒಂದು ಉತ್ತರ ಕೊಟ್ಟಿತ್ತು. ವೈಟಿ ಎಂಬ ನಾಲ್ಕು ಸೀಟಿನ ತೆರೆದ ಕಾರನ್ನು 1948ರಿಂದ 1950ರವರೆಗೆ ರಫ್ತಿಗೆಂದು ತಯಾರಿಸಿದರು. ಅದರಲ್ಲಿದ್ದದ್ದು ನಿಮ್ಮ ಕಾರಿನಲ್ಲಿರುವಂಥದೇ 1250 ಸಿಸಿ ಎಂಜಿನ್. ಎರಡು ಕಾರ್ಬುರೇಟರ್, 54 ಅಶ್ವಶಕ್ತಿ. ಆ ಕಾರಿಗೆ ಉಳಿಸಿಕೊಂಡದ್ದು 99 ಇಂಚಿನ ಚಾಸಿಯನ್ನು, ಬಾಡಿಯೂ ಅದಕ್ಕೆಂದೇ ಬೇರೆ. ಅಂಥವು ಒಂದು ಸಾವಿರವೂ ತಯಾರಾಗಲಿಲ್ಲ. ಎರಡು ಸೀಟಿನ ಟಿಡಿ ಮಾತ್ರ 1950ರಿಂದ 1953ರ ನಡುವೆ ಹೆಚ್ಚುಕಡಿಮೆ ಮೂವತ್ತು ಸಾವಿರ ತಯಾರಾಯಿತು.

ಈಗ ನಿಮ್ಮ ಕಾರಿನ ಹಿಂಭಾಗಕ್ಕೆ ಬರೋಣ. ಇಬ್ಬರೂ ಒರಗುವ ಒಂದೇ ಬೆನ್ನಿನ ಹಿಂದೆ ಟಾಪು ಮಡಚಿಡುವುದಕ್ಕೂ ಪಕ್ಕದ ಪರದೆಗಳನ್ನು ಇಡುವುದಕ್ಕೂ ಒಂದಿಷ್ಟು ಜಾಗವಿದೆ, ಅದರ ಕೆಳಗೆ ಆ್ಯಕ್ಸಲ್, ಆಮೇಲೆ ನಿಂತ ಹಲಗೆಯಂತಿರುವ ಪೆಟ್ರೋಲ್ ಟ್ಯಾಂಕ್, ಅದರ ಬೆನ್ನಿಗೆ ಸ್ಟೆಪ್ನಿ. ದೊಡ್ಡವರೊಬ್ಬರು ಕೂರಬೇಕಾದರೆ ಬೆನ್ನಿನಿಂದ ಮಂಡಿಯ ತುದಿಗೆ ಸುಮಾರು 60 ಸೆಂ.ಮೀ. ಬೇಕು, ಅದರ ಜೊತೆಗೆ ಸೀಟಿನ ಬೆನ್ನಿನ ದಪ್ಪ, ಪಾದ ಇಳಿಬಿಡುವ ತಾವು. ಟೇಪು ಹಿಡಿದು ಅಳೆದು ನೋಡಿ. ಅಳೆಯುವಾಗ ಕಾರು ನಿಂತಿರುವ ಸ್ಥಿತಿಯಲ್ಲಿ ಅಳೆಯಬೇಡಿ. ಹಿಂದಿನ ಆ್ಯಕ್ಸಲ್‌ಗೆ ಜಾಕ್ ಕೊಟ್ಟು ಅದು ಮೇಲಿನ ರಬ್ಬರ್ ತಡೆಗೆ ತಾಗುವವರೆಗೂ ಎತ್ತಿ, ಆಮೇಲೆ ಅದರ ಮೇಲೆ ಎಷ್ಟು ಜಾಗ ಉಳಿಯುತ್ತದೆ ಎಂದು ನೋಡಬೇಕು, ಏಕೆಂದರೆ ಹಳ್ಳಕ್ಕೆ ಬಿದ್ದೆದ್ದಾಗ ಆ್ಯಕ್ಸಲ್ ಅಲ್ಲಿಯವರೆಗೂ ಬರುತ್ತದೆ. ಸೀಟಿನ ಹಲಗೆ ಅದಕ್ಕಿಂತ ಮೇಲಿರಬೇಕು. ಹಾಗೆ ಕೂತವರ ತಲೆ ಮುಂದಿನವರ ತಲೆಗಿಂತ ಬಹಳ ಎತ್ತರಕ್ಕೆ ಹೋಗುತ್ತದೆ, ಟಾಪು ಹಾಕಲು ಬರುವುದಿಲ್ಲ. ಮಾರ್ಗನ್ ಕಂಪನಿಯ ನಾಲ್ಕು ಸೀಟಿನ ಕಾರುಗಳಲ್ಲಿ ಹಿಂದಿನವರು ಹೀಗೆ ಆ್ಯಕ್ಸಲ್ ಮೇಲೆಯೇ ಕೂರುತ್ತಾರೆ, ನಿಜ. ಆದರೆ ಟ್ಯಾಂಕು, ಸ್ಟೆಪ್ನಿ, ಟಾಪು ಎಲ್ಲವನ್ನೂ ಅದಕ್ಕೆ ತಕ್ಕಂತೆ ಕಾರ್ಖಾನೆಯಲ್ಲೇ ಬೇರೆಯಾಗಿ ಹೊಂದಿಸಿರುತ್ತಾರೆ.

ಟಿಡಿಯ ಬಾಗಿಲನ್ನೂ ಒಮ್ಮೆ ಗಮನಿಸಿ. ಅದರ ಕೀಲುಗಳಿರುವುದು ಮುಂದುಗಡೆಯಲ್ಲ, ಹಿಂದುಗಡೆ. ಇಡೀ ಬಾಗಿಲಿನ ಭಾರವನ್ನು ಹೊರುವ ಮರದ ಕಂಬ ಹಿಂದಿನ ಮಡ್‌ಗಾರ್ಡಿಗೆ ತಾಗಿಕೊಂಡೇ ನಿಂತಿದೆ, ಮತ್ತು ಬಾಡಿಯನ್ನು ಉದ್ದ ಮಾಡುವವರು ಮೊದಲು ಕೈಹಾಕುವುದು ಅದೇ ಜಾಗಕ್ಕೆ. ಆ ಕಂಬವನ್ನು ಸರಿಸಿದರೆ ಬಾಗಿಲು, ಮಡ್‌ಗಾರ್ಡಿನ ಬಾಗು, ಕಾಲಿಡುವ ಪಟ್ಟಿ ಎಲ್ಲವೂ ಸರಿಯಬೇಕು. ಅದರ ಬದಲು ಚಾಸಿಯನ್ನೇ ಬೆಸೆದು ಉದ್ದ ಮಾಡಿದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹೊಸದಾಗಿ ಮಾಡಿಸಿ ಸಮತೋಲನ ಮಾಡಿಸಬೇಕು, ಬ್ರೇಕಿನ ಪೈಪು, ಹ್ಯಾಂಡ್‌ಬ್ರೇಕಿನ ಕೇಬಲ್ ಬದಲಾಯಿಸಬೇಕು. ಇದೆಲ್ಲ ಮುಗಿದ ಮೇಲೂ ಚಾಸಿಯ ಅತ್ಯಂತ ಹೆಚ್ಚು ಬಾಗುವ ನಡುಭಾಗದಲ್ಲಿ ಒಂದು ವೆಲ್ಡಿಂಗ್ ಉಳಿಯುತ್ತದೆ. ಟಿಂಕರಿಂಗ್ ಕೆಲಸದಲ್ಲಿ ಪಳಗಿದ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಹೊರಗಿನ ತಗಡನ್ನು ನುಣ್ಣಗೆ ತಟ್ಟುವುದೇ ಬೇರೆ, ಚಾಸಿಯನ್ನು ಓರೆಯಿಲ್ಲದೆ ಬೆಸೆಯುವುದೇ ಬೇರೆ.

ಭಾರದ ಲೆಕ್ಕವನ್ನು ನೋಡಿ. ಇಬ್ಬರು ದೊಡ್ಡವರೆಂದರೆ ಸುಮಾರು 140 ಕೆ.ಜಿ. ಅವರು ಆ್ಯಕ್ಸಲ್‌ನ ಮೇಲೆಯೇ ಕೂರುವುದರಿಂದ ಅಷ್ಟೂ ಭಾರ ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಿನ ಚಕ್ರಗಳಿಗೇ ಬೀಳುತ್ತದೆ. ಕಾರಿನ ತೂಕ ಸುಮಾರು 900 ಕೆ.ಜಿ.; ಅದರಲ್ಲಿ ಅರ್ಧವನ್ನು ಹಿಂದಿನ ಚಕ್ರಗಳು ಹೊತ್ತಿವೆ ಎಂದುಕೊಂಡರೆ ಹೊಸದಾಗಿ ಸೇರುವುದು ಮೂರನೇ ಒಂದು ಪಾಲಿಗೆ ಹತ್ತಿರ. ಇನ್ನೊಂದು ಸ್ಪ್ರಿಂಗ್ ಪ್ಲೇಟು ಸೇರಿಸಿದರೆ ಆಯಿತು ಎಂದು ನಿಮ್ಮ ಮೇಸ್ತ್ರಿ ಹೇಳಬಹುದು. ಸ್ಪ್ರಿಂಗ್‌ನ ಮಟ್ಟಿಗೆ ಅದು ಸರಿಯೇ, ಆದರೆ ಬ್ರೇಕು 9 ಇಂಚಿನ ಡ್ರಮ್ಮೇ ಆಗಿರುತ್ತದೆ, ನಿಮ್ಮ ಕಾಲಿನ ಒತ್ತಡವಲ್ಲದೆ ಅದಕ್ಕೆ ಬೇರೆ ಸಹಾಯವೂ ಇಲ್ಲ. ನಾಲ್ಕು ಜನ ಕೂತು ಚಾರ್ಮಾಡಿ ಘಾಟಿ ಇಳಿಯುವಾಗ ಆ ಡ್ರಮ್‌ಗಳು ಕಾದು ಹಿಡಿತ ಕಳೆದುಕೊಳ್ಳುವುದನ್ನು ಊಹಿಸಿಕೊಳ್ಳಿ. ಸೀಟ್ ಬೆಲ್ಟಿನ ಮಾತೂ ಇದೆ. ಅಪಘಾತದಲ್ಲಿ ಬೆಲ್ಟಿನ ಮೇಲೆ ಬೀಳುವ ಎಳೆತವನ್ನು ಮರದ ಚೌಕಟ್ಟು ತಾಳಲಾರದು, ಅದರ ಬೋಲ್ಟು ಚಾಸಿಗೇ ಕೂರಬೇಕು.

ಕಾನೂನು ಇನ್ನೂ ಬಿಗಿಯಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗಿನ ಸಜೆ, ಅಥವಾ ಎರಡನ್ನೂ ವಿಧಿಸಬಹುದು. ನಿಮಗೆ ಇದಕ್ಕಿಂತ ಮುಖ್ಯವಾದದ್ದು 2021ರಲ್ಲಿ ಬಂದ ವಿಂಟೇಜ್ ನೋಂದಣಿಯ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರಿಗೆ 20,000 ರೂಪಾಯಿ ಶುಲ್ಕದ ಮೇಲೆ, ವಿಎ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆಯೊಂದಿಗೆ, ಹತ್ತು ವರ್ಷದ ನೋಂದಣಿ ಸಿಗುತ್ತದೆ. ಆದರೆ ಕಾರು ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಮಾರ್ಪಾಡು ಆಗಿರಬಾರದು ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಎರಡು ಸೀಟು ಸೇರಿಸಲು ಹೋಗಿ ಈ ಅವಕಾಶವನ್ನು ಕಳೆದುಕೊಳ್ಳುವುದು ನಷ್ಟದ ವ್ಯಾಪಾರ. ಅಲ್ಲದೆ ಹಾಗೆ ನೋಂದಾಯಿಸಿದ ಕಾರನ್ನು ರ್‍ಯಾಲಿ, ಪ್ರದರ್ಶನ, ರಿಪೇರಿ, ಇಂಧನ ತುಂಬಿಸುವುದು ಇಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬೇಕು. ಮನೆಮಂದಿಯ ನಿತ್ಯದ ಓಡಾಟಕ್ಕೆ ಅದು ಹೇಗೂ ಒದಗುವುದಿಲ್ಲ.

ಆದ್ದರಿಂದ ನಮ್ಮ ಸಲಹೆ, ಬಾಡಿಯನ್ನು ಇದ್ದ ಹಾಗೆಯೇ ಕಟ್ಟಿಸಿ. ಗೆದ್ದಲು ತಿಂದ ಮರವನ್ನು ಒಲೆಗೆ ಹಾಕಬೇಡಿ. ಎಡಗಡೆಯ ತುಂಡು ಪುಡಿಯಾಗಿದ್ದರೆ ಬಲಗಡೆಯದನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಅಚ್ಚು ತೆಗೆಯಬಹುದು, ಅರ್ಧ ಉಳಿದ ತುಂಡಿನಲ್ಲೂ ಸ್ಕ್ರೂ ಇದ್ದ ತೂತು, ಸೇರುವೆಯ ಕೋನ ಸಿಗುತ್ತವೆ. ಪ್ರತಿ ತುಂಡನ್ನೂ ಬಿಚ್ಚುವ ಮೊದಲು ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ. ಮುಂದೆ ನೋಂದಣಿಯ ಪರಿಶೀಲನೆಗೆ ಬಂದವರಿಗೆ ಇದು ಮಾರ್ಪಾಡಲ್ಲ, ಇದ್ದದ್ದನ್ನೇ ಮತ್ತೆ ಮಾಡಿದ್ದು ಎಂದು ತೋರಿಸಲು ಅವೇ ಆಧಾರ. ಮೂಲದಲ್ಲಿದ್ದದ್ದು ಆ್ಯಶ್ ಮರ. ಅದು ಸೀಳದೆ ಬಾಗುತ್ತದೆ, ಸ್ಕ್ರೂಗಳನ್ನು ಬಿಗಿಯಾಗಿ ಹಿಡಿಯುತ್ತದೆ, ಗೆದ್ದಲಿಗೆ ಮಾತ್ರ ಹಬ್ಬದೂಟ. ಟಿಡಿಗೆ ಬೇಕಾದ ಆ್ಯಶ್ ತುಂಡುಗಳನ್ನು ಕೊರೆದು ಸಿದ್ಧಪಡಿಸಿ ಮಾರುವವರು ಬ್ರಿಟನ್ನಿನಲ್ಲಿ ಇದ್ದಾರೆ. ಮಲೆನಾಡಿನ ಹವೆಯನ್ನು ನೆನೆದು ತೇಗವನ್ನೇ ಬಳಸುವುದಾದರೆ ನಾವೇನೂ ಬೇಡವೆನ್ನುವುದಿಲ್ಲ, ಆದರೆ ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮೊದಲು ಸೇರುವೆಯ ಮುಖಗಳನ್ನು ಅಸಿಟೋನಿನಲ್ಲಿ ಒರೆಸಲು ಆಚಾರಿಗೆ ಹೇಳಿ.

ಮಕ್ಕಳ ಆಸೆಗೆಂದು ಸೀಟಿನ ಹಿಂದಿನ ಜಾಗಕ್ಕೆ ಒಂದು ಸಣ್ಣ ಮೆತ್ತೆಯ ಹಲಗೆ ಮಾಡಿಸಿ, ಕೊರೆಯದೆ ಬೆಸೆಯದೆ ಎತ್ತಿ ತೆಗೆಯುವಂತೆ ಇಟ್ಟುಕೊಳ್ಳಿ. ಅದು ತೋಟದೊಳಗಿನ ನಿಮ್ಮದೇ ರಸ್ತೆಗೆ ಮಾತ್ರ, ನಡಿಗೆಯ ವೇಗಕ್ಕೆ ಮಾತ್ರ. ಗೇಟು ದಾಟಿದ ಮೇಲೆ ಆರ್‌ಸಿಯಲ್ಲಿ ಬರೆದಿರುವುದು ಇಬ್ಬರು ಎಂದೇ.

ಪ್ರಶ್ನೆ: ಜಾಗ್ವಾರ್, ಲೋಟಸ್, ಫೆರಾರಿಯಂಥ ಕಂಪನಿಗಳೇ ತಮ್ಮ ಎರಡು ಸೀಟಿನ ಕಾರುಗಳನ್ನು ನಾಲ್ಕು ಸೀಟಿಗೆ ಬದಲಾಯಿಸಿ ಮಾರಿದ್ದವು. ಅವರು ಮಾಡಿದರೆ ಸರಿ, ಒಳ್ಳೆಯ ಗ್ಯಾರೇಜಿನವರು ಮಾಡಿದರೆ ತಪ್ಪು ಎನ್ನುವುದು ಯಾವ ನ್ಯಾಯ?
(ಓದುಗರು, ಬೆಂಗಳೂರು)

ಉತ್ತರ: ನ್ಯಾಯದ ಮಾತು ಒತ್ತಟ್ಟಿಗಿರಲಿ, ಅವರು ಮಾಡಿದ್ದೇನು ಎಂಬುದನ್ನು ನೋಡೋಣ. 1966ರಲ್ಲಿ ಬಂದ ಜಾಗ್ವಾರ್ ಇ ಟೈಪಿನ ನಾಲ್ಕು ಸೀಟಿನ ರೂಪದಲ್ಲಿ ವೀಲ್‌ಬೇಸ್ 96ರಿಂದ 105 ಇಂಚಿಗೆ ಏರಿತು, ಚಾವಣಿ ಎತ್ತರವಾಯಿತು, ಬಾಗಿಲು ಉದ್ದವಾಯಿತು, ತೂಕ ಸುಮಾರು ಒಂದು ಕ್ವಿಂಟಲ್ ಹೆಚ್ಚಿತು. ಇಷ್ಟಾದರೂ ಹಿಂದಿನ ಸೀಟು ಒದಗಿದ್ದು ಮುಖ್ಯವಾಗಿ ಮಕ್ಕಳಿಗೆ. ಲೋಟಸ್ ಎಲಾನ್‌ನ ನಾಲ್ಕು ಸೀಟಿನ ರೂಪ 1967ರಲ್ಲಿ ಬಂದಾಗ ವೀಲ್‌ಬೇಸ್‌ಗೆ ಸೇರಿದ್ದು ಒಂದು ಇಡೀ ಅಡಿ, ಜೊತೆಗೆ ಅಗಲವೂ ಹೆಚ್ಚಿತು. ಫೋರ್ಡ್ ಕಂಪನಿಯಂತೂ 1958ರಲ್ಲಿ ಥಂಡರ್‌ಬರ್ಡ್ ಎಂಬ ಹೆಸರನ್ನಷ್ಟೇ ಉಳಿಸಿಕೊಂಡು ಕಾರನ್ನೇ ಹೊಸದಾಗಿ ಮಾಡಿತು. 102 ಇಂಚಿನ ವೀಲ್‌ಬೇಸ್ 113 ಆಯಿತು, ಮಾರಾಟ ಹಿಂದಿನ ವರ್ಷದ 21 ಸಾವಿರ ಚಿಲ್ಲರೆಯಿಂದ ಸುಮಾರು 38 ಸಾವಿರಕ್ಕೆ ಹಾರಿತು. ಹಳೆಯ ಎರಡು ಸೀಟಿನ ರೂಪವನ್ನು ಇಷ್ಟಪಡುವವರು ಮಾತ್ರ ಅದನ್ನು ಇಂದಿಗೂ ಕ್ಷಮಿಸಿಲ್ಲ.

ನೀವು ಹೆಸರಿಸಿದ ಮೂರರಲ್ಲಿ ಫೆರಾರಿಯದು ಬೇರೆಯೇ ದಾರಿ. 1960ರ 250 ಜಿಟಿಇ ಕಾರಿನಲ್ಲಿ 2600 ಮಿ.ಮೀ. ವೀಲ್‌ಬೇಸ್ ಅನ್ನು ಹಾಗೆಯೇ ಇಟ್ಟುಕೊಂಡು ಎಂಜಿನ್ ಅನ್ನೇ ಸುಮಾರು 20 ಸೆಂ.ಮೀ. ಮುಂದಕ್ಕೆ ಸರಿಸಿ ಹಿಂದೆ ಜಾಗ ಹೊಂದಿಸಿದರು. ಗೇರ್‌ಬಾಕ್ಸ್, ಸ್ಟೀರಿಂಗ್, ಮುಂದಿನ ಸೀಟು ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕದೆ ಮಾಡುವ ಕೆಲಸ ಇದಲ್ಲ. ಇದರಲ್ಲಿ ಒಂದು ವಿಪರ್ಯಾಸವೂ ಇದೆ: ಮುಂದೆ ಬೆಲೆ ಬಿದ್ದುಹೋದ ಕಾಲದಲ್ಲಿ ಈ ನಾಲ್ಕು ಸೀಟಿನ ಕಾರುಗಳಲ್ಲಿ ಎಷ್ಟೋ ಕಾರುಗಳನ್ನು ಬಿಚ್ಚಿ, ಅವುಗಳ ಚಾಸಿ ಮತ್ತು ಎಂಜಿನ್ ಬಳಸಿ ಹೆಸರಾಂತ ಎರಡು ಸೀಟಿನ ಫೆರಾರಿಗಳ ನಕಲು ಮಾಡಿದರು. ಇಂದು ಉಳಿದಿರುವ 250 ಜಿಟಿಇಗಳನ್ನು ಜನ ಹುಡುಕಿಕೊಂಡು ಹೋಗುತ್ತಾರೆ. ಕಂಪನಿ ಹೊಸ ಕಾರನ್ನು ಹೊಸ ಲೆಕ್ಕದಲ್ಲಿ ಮಾಡುತ್ತದೆ, ಅದು ಮೆಚ್ಚುಗೆಯಾಗದಿದ್ದರೆ ಮುಂದಿನ ವರ್ಷ ಇನ್ನೊಂದು ಮಾಡುತ್ತದೆ. ನಿಮ್ಮ ಗ್ಯಾರೇಜಿನಲ್ಲಿ ಕತ್ತರಿಗೆ ಸಿಗುವುದು ಉಳಿದಿರುವ ಕೆಲವೇ ಕಾರುಗಳಲ್ಲಿ ಒಂದು.

ಪ್ರಶ್ನೆ: ನನ್ನ ಬಳಿ 1960ರ ಆಸ್ಟಿನ್ ಹೀಲಿ 3000, ಎರಡು ಸೀಟಿನದು, ಪೂರ್ತಿ ಬಿಚ್ಚಿದ ಸ್ಥಿತಿಯಲ್ಲಿದೆ. ಸೀಟ್ ಬೆಲ್ಟ್ ಇಲ್ಲ. ಮಕ್ಕಳಿಗೆ ಆರು ಮತ್ತು ಒಂಬತ್ತು ವರ್ಷ. ಇದೇ ಕಾರು ನಾಲ್ಕು ಸೀಟಿನಲ್ಲೂ ಬರುತ್ತಿತ್ತಾದ್ದರಿಂದ ಹಾಗೆ ಬದಲಾಯಿಸಬಹುದೇ?
(ಕನ್ನಡಿಗ ಓದುಗರು, ಕೊವೆಂಟ್ರಿ, ಇಂಗ್ಲೆಂಡ್)

ಉತ್ತರ: ನಿಮ್ಮ ಪ್ರಶ್ನೆ ಮೊದಲ ಪ್ರಶ್ನೆಗಿಂತ ಸುಲಭವಾದದ್ದು. ಆ್ಯಬಿಂಗ್‌ಡನ್‌ನಲ್ಲೇ ಜೋಡಣೆಯಾದ ಈ ಕಾರಿನ ಎರಡು ರೂಪಗಳಿಗೂ ವೀಲ್‌ಬೇಸ್ 92 ಇಂಚೇ. ವ್ಯತ್ಯಾಸವಿರುವುದು ಸೀಟಿನ ಹಿಂದಿನ ತಗಡಿನ ರಚನೆಯಲ್ಲಿ: ನಿಮ್ಮದರಲ್ಲಿ ಎರಡು ಆರು ವೋಲ್ಟಿನ ಬ್ಯಾಟರಿಗಳು ಸೀಟಿನ ಹಿಂದಿವೆ, ನಾಲ್ಕು ಸೀಟಿನದರಲ್ಲಿ ಒಂದೇ ಹನ್ನೆರಡು ವೋಲ್ಟಿನ ಬ್ಯಾಟರಿ ಡಿಕ್ಕಿಯಲ್ಲಿದೆ. ಆ ತಗಡುಗಳನ್ನು ಕತ್ತರಿಸಿ ಬೇರೆ ಕೂರಿಸುವುದು ನುರಿತವರಿಗೆ ಸಾಧ್ಯವಾದ ಕೆಲಸ. ನಿಮ್ಮ ಅವಸರದ ಕಾರಣವೂ ನಮಗೆ ತಿಳಿಯುತ್ತದೆ. ಅಲ್ಲಿನ ನಿಯಮದಂತೆ ಬೆಲ್ಟ್ ಇಲ್ಲದೆ ತಯಾರಾದ ಹಳೆಯ ಕಾರಿನಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ಕೂರಿಸುವಂತೆಯೇ ಇಲ್ಲ, ಮೂರು ದಾಟಿದವರು ಹಿಂದಿನ ಸೀಟಿನಲ್ಲಿ ಮಾತ್ರ ಕೂರಬೇಕು.

ಆದರೂ ಮಾಡಬೇಡಿ ಎನ್ನುತ್ತೇವೆ. ಈ ಮಾದರಿಯಲ್ಲಿ ನಾಲ್ಕು ಸೀಟಿನವೇ ಹೆಚ್ಚು ತಯಾರಾದವು, ಎರಡು ಸೀಟಿನವು ವಿರಳ, ಬೆಲೆಯೂ ಅವಕ್ಕೇ ಹೆಚ್ಚು. ಹಣ ಕೊಟ್ಟು ಬೆಲೆ ಇಳಿಸಿಕೊಂಡಂತಾಗುತ್ತದೆ. ಆ ಹಿಂದಿನ ಸೀಟಿನಲ್ಲಿ ಒಂಬತ್ತರ ಹುಡುಗ ಇನ್ನು ಹೆಚ್ಚು ಕಾಲ ಕೂರುವುದೂ ಇಲ್ಲ. ಮಕ್ಕಳೊಡನೆ ಸುತ್ತಬೇಕೆಂಬುದೇ ಉದ್ದೇಶವಾದರೆ ಇದನ್ನು ಕೊಟ್ಟು ನಾಲ್ಕು ಸೀಟಿನದನ್ನೇ ಕೊಳ್ಳುವುದು ಉತ್ತಮ. ಇದನ್ನೇ ಉಳಿಸಿಕೊಳ್ಳುವುದಾದರೆ ಮುಂದಿನ ಸೀಟಿಗೆ ಸರಿಯಾದ ಬೆಲ್ಟ್ ಕೂರಿಸಿ. 12 ವರ್ಷ ತುಂಬುವವರೆಗೆ ಅಥವಾ 135 ಸೆಂ.ಮೀ. ಎತ್ತರ ಬರುವವರೆಗೆ ಬೇಕಾದ ಮಕ್ಕಳ ಸೀಟಿನೊಂದಿಗೆ ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗಬಹುದು.

ಪ್ರಶ್ನೆ: ಯುದ್ಧಪೂರ್ವದ ಮಾರಿಸ್ ಎಯ್ಟ್ ಕಾರನ್ನು ಕೊಂಡೆ. ಅದು ಮೂಲತಃ ಎರಡು ಸೀಟಿನದಂತೆ, ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ನಾಲ್ಕು ಸೀಟಿಗೆ ಬದಲಾಯಿಸಿದ್ದಾರೆ. ಆರ್‌ಸಿಯಲ್ಲೂ ನಾಲ್ಕು ಎಂದೇ ಇದೆ. ಮತ್ತೆ ಎರಡು ಸೀಟಿಗೆ ತರಲೇ?
(ಓದುಗರು, ಹುಬ್ಬಳ್ಳಿ)

ಉತ್ತರ: ಅವಸರ ಪಡಬೇಡಿ. ಮಾರಿಸ್ ಎಯ್ಟ್ ಕಾರನ್ನು ಕಂಪನಿಯೇ ಎರಡೂ ರೂಪಗಳಲ್ಲಿ ಮಾರುತ್ತಿತ್ತು, ಆದ್ದರಿಂದ ಬದಲಾವಣೆ ಆಗಿದೆ ಎಂಬ ಮಾತೇ ತಪ್ಪಿರಬಹುದು. ಮೊದಲು ಹಿಂದಿನ ಸೀಟಿನ ಕೆಳಗಿನ ಮರವನ್ನೂ ತಗಡನ್ನೂ ನೋಡಿ. ಸ್ಕ್ರೂಗಳ ತಲೆಯಲ್ಲಿ ಒಂದೇ ಗೀಟು ಇದ್ದು, ಮರ ಮುಂದಿನ ಭಾಗದ ಮರದಷ್ಟೇ ಹಳೆಯದಾಗಿ ಕಂಡರೆ ಅದು ಕಾರ್ಖಾನೆಯದೋ ಅಥವಾ ಆ ಕಾಲದ್ದೋ ಇರಬೇಕು. ಪ್ಲಸ್ ಗುರುತಿನ ಸ್ಕ್ರೂ, ಫೈಬರ್ ಕಂಡರೆ ಇತ್ತೀಚಿನದು.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ರೂಪಿಸಿದ ಟ್ಯೂರಿನ್ ಸನದು, ಕಾರಿನ ಬಳಕೆಯ ಅವಧಿಯಲ್ಲಿ ಆದ ಬದಲಾವಣೆಗಳನ್ನೂ ಅದರ ಚರಿತ್ರೆಯ ಭಾಗವೆಂದು ಗೌರವಿಸುತ್ತದೆ. ಈಗಿನ ಅಗತ್ಯಕ್ಕೆಂದು ಮಾಡುವ ಮಾರ್ಪಾಡು ಮಾತ್ರ ಹಿಂದಕ್ಕೆ ತೆಗೆಯಲು ಬರುವಂತಿರಬೇಕು, ತೆಗೆದ ಮೂಲ ಭಾಗಗಳನ್ನು ಕಾರಿನೊಂದಿಗೇ ಇಟ್ಟುಕೊಳ್ಳಬೇಕು ಎನ್ನುತ್ತದೆ. ನಮ್ಮ ಅಭಿಪ್ರಾಯವೂ ಅದೇ. ಹಿಂದಿನ ಸೀಟು ಆ ಕಾಲದ್ದಾಗಿದ್ದರೆ ಮುಟ್ಟಬೇಡಿ. ಇತ್ತೀಚಿನ ಕೆಲಸವಾಗಿದ್ದರೆ, ಬಿಚ್ಚುವುದಕ್ಕೆ ಮೊದಲೇ ಹಳೆಯ ನೋಂದಣಿ ಪುಸ್ತಕ, ವಿಮೆಯ ಕಾಗದ, ಮನೆಯವರ ಬಳಿಯ ಫೋಟೊಗಳನ್ನು ಕಲೆಹಾಕಿ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಈಗ ಆರ್‌ಸಿ ನಾಲ್ಕು ಎನ್ನುತ್ತಿರುವುದರಿಂದ, ಎರಡಕ್ಕೆ ಇಳಿಸುವುದೂ ಕಾಗದದ ಪ್ರಕಾರ ಮಾರ್ಪಾಡೇ ಆಗುತ್ತದೆ.